ತಾಮ್ರದ ಸರ್ಪ, ಓಟದ ಷೂ

ಕ್ರಿಸ್ತಪೂರ್ವ 8ನೇ ಶತಮಾನದ ಕೊನೆಯ ಭಾಗದಲ್ಲಿ ಯೆಹೂದ ನಾಡನ್ನು ಆಳುತ್ತಿದ್ದ ಹಿಜ್ಕೀಯ ಅರಸ ಬೆಟ್ಟದ ಮೇಲಿನ ಪೂಜಾಸ್ಥಳಗಳನ್ನು ಕೆಡವಿಸಿದ, ಕಲ್ಲುಕಂಬಗಳನ್ನು ಒಡೆಸಿದ. ಬೈಬಲಿನ ಎರಡನೆಯ ಅರಸುಗಳ ಪುಸ್ತಕ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟು, ಒಂದು ವಸ್ತುವಿನ ಹತ್ತಿರ ಮಾತ್ರ ಕ್ಷಣ ನಿಲ್ಲುತ್ತದೆ. ಅದೊಂದು ತಾಮ್ರದ ಸರ್ಪ. ಮಾಡಿಸಿದವನು ಸ್ವತಃ ಮೋಶೆ, ಮಾಡಿಸೆಂದು ಹೇಳಿದವನು ದೇವರೇ. ಅರಣ್ಯದಲ್ಲಿ ವಿಷದ ಹಾವು ಕಚ್ಚಿ ಜನ ಸಾಯುತ್ತಿದ್ದಾಗ, ಕಂಬಕ್ಕೆ ಏರಿಸಿದ ಆ ಸರ್ಪದತ್ತ ಕಣ್ಣೆತ್ತಿ ನೋಡಿದವರು ಬದುಕಿಕೊಂಡರು ಎಂದು ಬೈಬಲಿನ ಅರಣ್ಯಕಾಂಡ ಹೇಳುತ್ತದೆ. ಅಜ್ಜ ಮುತ್ತಜ್ಜರ ಜೀವ ಉಳಿಸಿದ ವಸ್ತು, ನೂರಾರು ವರ್ಷ ಜೋಪಾನ ಮಾಡಿಕೊಂಡು ಬಂದ ನೆನಪು. ಆ ನೆನಪಿನ ಮುಂದೆ ಜನ ಯಾವಾಗಲೋ ಧೂಪ ಹಾಕಲು ಶುರು ಮಾಡಿದ್ದರು. ಹಿಜ್ಕೀಯ ಅದನ್ನೂ ಚೂರುಚೂರು ಮಾಡಿಸಿದ.

ಎಷ್ಟು ಕಷ್ಟವಾಗಿರಬೇಕು ಆ ಕೆಲಸ! ಬೇರೆಯವರ ದೇವರನ್ನು ಒಡೆಯುವುದಕ್ಕೆ ರೋಷ ಸಾಕು. ತನ್ನ ಮನೆತನದ ಅತ್ಯಂತ ಪವಿತ್ರವಾದ ನೆನಪನ್ನು ಸುತ್ತಿಗೆಗೆ ಕೊಡಬೇಕಾದರೆ ಎದೆ ಗಟ್ಟಿಯಿರಬೇಕು.

ಕ್ರೈಸ್ತ ಸಭೆಗಳಲ್ಲಿ ಇಂದಿಗೂ ಮತ್ತೆ ಮತ್ತೆ ಉಪದೇಶಕ್ಕೆ ಬರುವ ವಿಗ್ರಹಾರಾಧನೆಯ ಪ್ರಶ್ನೆಯನ್ನು ಈ ಸರ್ಪದಿಂದಲೇ ನೋಡಬೇಕು. ವಿಗ್ರಹಾರಾಧನೆ ಎಂದ ಕೂಡಲೇ ಕನ್ನಡದ ಓದುಗರ ಕಣ್ಣಿಗೆ ಕಟ್ಟುವುದು ಗುಡಿ, ಗರ್ಭಗುಡಿ, ಮಂಗಳಾರತಿ. ಹಾಗಾಗಿ ಆ ಮಾತು ಪಕ್ಕದ ಮನೆಯವರ ಬಗ್ಗೆ ಆಡಿದ್ದು ಎನ್ನಿಸಿಬಿಡುತ್ತದೆ. ಕೆಲವು ಉಪದೇಶಕರು ಹಾಗೆಯೇ ಆಡುತ್ತಾರೆ ಕೂಡ. ಆದರೆ ಬೈಬಲಿನ ಪ್ರವಾದಿಗಳ ಸಿಟ್ಟೆಲ್ಲ ಹೆಚ್ಚಾಗಿ ಹರಿದದ್ದು ತಮ್ಮ ಸ್ವಂತ ಜನರ ಮೇಲೆ. ಯೆಹೆಜ್ಕೇಲನ ಮುಂದೆ ಇಸ್ರಾಯೇಲಿನ ಹಿರಿಯರು ಬಂದು ಕೂತಾಗ ಅವನಿಗೆ ಕೇಳಿಬಂದ ದೈವವಾಣಿ, ಇವರು ವಿಗ್ರಹಗಳನ್ನು ಹೃದಯದೊಳಗೇ ನಿಲ್ಲಿಸಿಕೊಂಡಿದ್ದಾರೆ ಎಂಬುದು. ಅವರ ಕೈಯಲ್ಲಿ ಯಾವ ಮೂರ್ತಿಯೂ ಇರಲಿಲ್ಲ. ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಪೌಲ ಲೋಭವನ್ನೇ ವಿಗ್ರಹಾರಾಧನೆಯ ಲೆಕ್ಕಕ್ಕೆ ಸೇರಿಸಿದ. ಯೇಸು ಹಣವನ್ನು ಒಬ್ಬ ಯಜಮಾನನ ಹಾಗೆ ಎದುರಿಗೆ ನಿಲ್ಲಿಸಿ, ಅವನ ಊಳಿಗವೋ ದೇವರ ಊಳಿಗವೋ ಎಂದು ಕೇಳಿದ.

ಈ ಪ್ರಶ್ನೆ ಯೂರೋಪಿನ ಬೀದಿಗೆ ಬಂದ ಒಂದು ಗಳಿಗೆಯುಂಟು. 1522ರ ಆರಂಭ. ಜರ್ಮನಿಯ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ ವಾರ್ಟ್‌ಬರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡಿದ್ದ ಹೊತ್ತು. ಇತ್ತ ವಿಟೆನ್‌ಬರ್ಗ್ ಪಟ್ಟಣದಲ್ಲಿ ಅವರ ಸಹೋದ್ಯೋಗಿ ಕಾರ್ಲ್‌ಸ್ಟಾಟ್, ಚರ್ಚುಗಳಲ್ಲಿರುವ ಚಿತ್ರ, ಪ್ರತಿಮೆಗಳೆಲ್ಲ ಹೋಗಬೇಕೆಂದು ಬರೆದರು. ಜನ ನುಗ್ಗಿ ಕಿತ್ತು ಒಡೆದರು. ಮಾರ್ಚ್‌ನಲ್ಲಿ ಲೂಥರ್ ಹಿಂತಿರುಗಿ ಬಂದು ಎಂಟು ದಿನ ಸಾಲಾಗಿ ಎಂಟು ಉಪದೇಶ ಮಾಡಿದರು. ಸೂರ್ಯಚಂದ್ರರನ್ನು ಪೂಜಿಸುವವರಿದ್ದಾರೆಂದು ಅವುಗಳನ್ನು ಆಕಾಶದಿಂದ ಕಿತ್ತುಹಾಕಲಾದೀತೇ, ದ್ರಾಕ್ಷಾರಸ ಕುಡಿದು ಕೆಟ್ಟವರಿದ್ದಾರೆಂದು ಎಲ್ಲವನ್ನೂ ಮೋರಿಗೆ ಸುರಿಯಲಾದೀತೇ ಎಂಬುದು ಅವರ ವಾದದ ಧಾಟಿ. ಹೃದಯದಿಂದ ಇಳಿಸದ ವಿಗ್ರಹವನ್ನು ಗೋಡೆಯಿಂದ ಇಳಿಸಿ ಏನು ಬಂತು ಎಂಬುದು ಅದರ ತಿರುಳು. ಏಳು ವರ್ಷದ ಮೇಲೆ, 1529ರಲ್ಲಿ, ತಮ್ಮ ಧರ್ಮಬೋಧೆಯ ಪುಸ್ತಕವಾದ ದೊಡ್ಡ ಕ್ಯಾಟೆಕಿಸಮ್‌ನಲ್ಲಿ ಮೊದಲನೆಯ ಆಜ್ಞೆಯನ್ನು ವಿವರಿಸುವಾಗ ಅವರು ಇದನ್ನು ಇನ್ನೂ ಸರಳ ಮಾಡಿದರು: ಮನುಷ್ಯನ ಹೃದಯ ಯಾವುದಕ್ಕೆ ಅಂಟಿಕೊಂಡು, ಯಾವುದನ್ನು ನೆಚ್ಚಿಕೊಂಡಿದೆಯೋ ಅದೇ ಅವನ ದೇವರು. ಇನ್ನೊಬ್ಬ ಸುಧಾರಕ ಜಾನ್ ಕ್ಯಾಲ್ವಿನ್ ಮನುಷ್ಯನ ಮನಸ್ಸನ್ನು ವಿಗ್ರಹಗಳ ಕಾರ್ಖಾನೆಗೆ ಹೋಲಿಸಿದರು. ಕಾರ್ಖಾನೆಗೆ ರಜೆಯಿಲ್ಲ.

ಈ ಅಳತೆಗೋಲು ಹಿಡಿದರೆ ಆಧುನಿಕ ವಿಗ್ರಹಗಳ ಲಕ್ಷಣ ಬೇಗ ತಿಳಿಯುತ್ತದೆ. ಅವು ಬಹುಪಾಲು ಒಳ್ಳೆಯ ವಸ್ತುಗಳೇ: ಸಂಪಾದನೆ, ಮಕ್ಕಳ ಓದು, ದೇಶ, ಮನೆತನದ ಮರ್ಯಾದೆ, ದೇವರ ಸೇವೆಯಲ್ಲಿ ಗಳಿಸಿದ ಹೆಸರು. ಒಂದು ಕಾಲಕ್ಕೆ ಜೀವ ಉಳಿಸಿದ ತಾಮ್ರದ ಸರ್ಪಗಳು.

ಹಣದ ಮಾತೇ ಮೊದಲು ಬರಲಿ. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ತಮ್ಮ ಒಂದು ಉಪದೇಶದಲ್ಲಿ ಆಕ್ಸ್‌ಫರ್ಡಿನ ಯುವಕನೊಬ್ಬನ ಮನೆವಾರ್ತೆಯ ಲೆಕ್ಕ ಕೊಡುತ್ತಾರೆ. ಆ ಯುವಕ ಅವರೇ ಎಂಬುದು ಬಹುಜನರ ನಂಬಿಕೆ. ಮೊದಲ ವರ್ಷ ಅವನಿಗೆ ಬಂದದ್ದು 30 ಪೌಂಡ್. 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದ. ಎರಡನೆಯ ವರ್ಷ 60 ಬಂತು; ಖರ್ಚು ಅದೇ 28, ದಾನ 32. ಮೂರನೆಯ ವರ್ಷ 90 ಬಂದಾಗ ಬಡವರಿಗೆ ಹೋದದ್ದು 62. ನಾಲ್ಕನೆಯ ವರ್ಷ 120 ಬಂತು, 92 ಹೋಯಿತು. ಸಂಬಳ ಏರಿದ ತಿಂಗಳೇ ಕಾರಿನ ಕಂತು, ದೊಡ್ಡ ಫ್ಲಾಟಿನ ಅಡ್ವಾನ್ಸ್ ಎಂದು ಲೆಕ್ಕ ಹಾಕುವ ನಮ್ಮ ಕಾಲದವರಿಗೆ, ನಾಲ್ಕು ವರ್ಷ ಅಲ್ಲಾಡದೆ ನಿಂತ ಆ 28 ಎಂಬ ಅಂಕಿ ಯಾವ ಉಪದೇಶಕ್ಕಿಂತಲೂ ಗಟ್ಟಿಯಾಗಿ ಮಾತಾಡುತ್ತದೆ. ದಶಮಾಂಶದ ಮಾತನ್ನು ಸಭೆಗಳು ಎಷ್ಟೋ ಸಲ ಕೇಳಿವೆ. ಹತ್ತರಲ್ಲಿ ಒಂದನ್ನು ಕೊಟ್ಟು ಒಂಬತ್ತನ್ನು ಪೂಜಿಸುವುದೂ ಸಾಧ್ಯ. ವೆಸ್ಲಿಯವರಿಗೆ ಅದು ಚೆನ್ನಾಗಿ ಗೊತ್ತಿತ್ತು. ದುಡಿಮೆ, ಮಿತವ್ಯಯ ಕಲಿತ ತಮ್ಮ ಜನ ಶ್ರೀಮಂತರಾಗುತ್ತಿರುವುದನ್ನು ಕಂಡು ಮುಪ್ಪಿನಲ್ಲಿ ಅವರು ಬಹಳ ನೊಂದುಕೊಂಡು ಬರೆದರು.

ಇದರ ಇನ್ನೊಂದು ತುದಿಯೂ ಇದೆ. ಅಮೆರಿಕದ ಟಿವಿ ಸುವಾರ್ತಿಕ ಜಿಮ್ ಬಾಕರ್, ವಿಶ್ವಾಸವಿದ್ದರೆ ಸಂಪತ್ತು ಹಿಂಬಾಲಿಸುತ್ತದೆ ಎಂಬ ಬೋಧನೆಯ ಮೇಲೆ ಹೆರಿಟೇಜ್ ಯುಎಸ್‌ಎ ಎಂಬ ದೊಡ್ಡ ಉದ್ಯಾನವನ್ನೇ ಕಟ್ಟಿದರು. 1989ರಲ್ಲಿ ವಂಚನೆಯ ಅಪರಾಧ ಸಾಬೀತಾಗಿ 45 ವರ್ಷದ ಸೆರೆ ವಿಧಿಸಲಾಯಿತು. ಮುಂದೆ ಅದು ಕಡಿಮೆಯಾಗಿ 1994ರಲ್ಲಿ ಹೊರಗೆ ಬಂದರು. 1996ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಹೆಸರು ‘ಐ ವಾಸ್ ರಾಂಗ್’. ಜೈಲಿನಲ್ಲಿ ಸುವಾರ್ತೆಗಳನ್ನು ಮತ್ತೆ ಓದಿದಾಗ, ಹಣದ ಬಗ್ಗೆ ಯೇಸು ಆಡಿದ ಮಾತು ತಾನು ಬೋಧಿಸಿದ್ದಕ್ಕೆ ತದ್ವಿರುದ್ಧವಾಗಿದೆ ಎಂಬುದು ಅರಿವಾಯಿತೆಂದು ಅವರು ಅದರಲ್ಲಿ ಒಪ್ಪಿಕೊಂಡರು.

ಹಣಕ್ಕಿಂತ ಭಯಂಕರವಾದ ವಿಗ್ರಹವೂ ಉಂಟು. 1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಎರಡು ದಿನ ಕಳೆದು, ಫೆಬ್ರವರಿ 1ರಂದು, ಡೀಟ್ರಿಚ್ ಬಾನ್‌ಹಾಫರ್ ಎಂಬ 26 ವರ್ಷದ ದೇವಶಾಸ್ತ್ರದ ಅಧ್ಯಾಪಕರು ಬರ್ಲಿನ್ ರೇಡಿಯೋದಲ್ಲಿ ನಾಯಕತ್ವದ ಬಗ್ಗೆ ಮಾತಾಡಿದರು. ತನ್ನನ್ನು ವಿಗ್ರಹ ಮಾಡಿಕೊಳ್ಳಲು ಜನರಿಗೆ ಬಿಟ್ಟುಕೊಡುವ ನಾಯಕ ಜನರನ್ನು ದಾರಿ ತಪ್ಪಿಸುತ್ತಾನೆ ಎನ್ನುವಲ್ಲಿಗೆ ಆ ಭಾಷಣ ಬರುತ್ತಿತ್ತು. ಮುಗಿಯುವ ಮೊದಲೇ ಪ್ರಸಾರ ನಿಂತುಹೋಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ರಷ್ಯದ ಚರ್ಚಿನ ಮಹಾಸಭೆ, ಯಹೂದಿ ಮೂಲದವರಿಗೆ ಸಭಾಪಾಲಕರ ಹುದ್ದೆಯಿಲ್ಲ ಎಂಬ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಬರ್ಲಿನ್ ಕ್ರೀಡಾಮಂದಿರದಲ್ಲಿ ಸುಮಾರು 20,000 ಜನರ ಎದುರು, ಬೈಬಲಿನಿಂದ ಹಳೆಯ ಒಡಂಬಡಿಕೆಯನ್ನೇ ಕಿತ್ತುಹಾಕಬೇಕೆಂಬ ಭಾಷಣ ನಡೆಯಿತು. ಕೇಳಿಸಿಕೊಂಡವರು ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತಿದ್ದ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ಜನ. ರಾಷ್ಟ್ರ, ರಕ್ತ, ನಾಯಕ ಎಂಬವು ಕ್ರಿಸ್ತನ ಪಕ್ಕದಲ್ಲೇ ಬಂದು ಕೂತದ್ದು ಅವರಿಗೆ ತಪ್ಪೆನಿಸಲಿಲ್ಲ.

1934ರ ಮೇ ಕೊನೆಯಲ್ಲಿ ಬಾರ್ಮೆನ್ ಊರಿನಲ್ಲಿ ಸೇರಿದ ಬೇರೊಂದು ಗುಂಪು ಆರು ಅಂಶಗಳ ಘೋಷಣೆ ಹೊರಡಿಸಿತು. ಕ್ರಿಸ್ತನೊಬ್ಬನ ಹೊರತು ಬೇರೆ ಯಾವ ಘಟನೆ, ಶಕ್ತಿ, ವ್ಯಕ್ತಿಯನ್ನೂ ದೇವರ ಪ್ರಕಟಣೆಯೆಂದು ಒಪ್ಪುವುದಿಲ್ಲ ಎಂಬುದು ಅದರ ಮೊದಲ ಅಂಶ. ಕರಡು ಬರೆದವರಲ್ಲಿ ಮುಖ್ಯರಾದ ಕಾರ್ಲ್ ಬಾರ್ತ್ ಬಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಹಿಟ್ಲರನ ಹೆಸರಿನಲ್ಲಿ ಷರತ್ತಿಲ್ಲದ ಪ್ರಮಾಣ ಮಾಡಲೊಲ್ಲದೆ 1935ರಲ್ಲಿ ಕೆಲಸ ಕಳೆದುಕೊಂಡು ಹುಟ್ಟೂರು ಬಾಸೆಲ್‌ಗೆ ಹೋದರು. ಆದರೆ ಬಾರ್ಮೆನ್ ಘೋಷಣೆಯಲ್ಲಿ ಯಹೂದಿಗಳ ಬಗ್ಗೆ ಒಂದು ಮಾತೂ ಇಲ್ಲ. ಅದನ್ನು ಅಂದೇ ಸೇರಿಸಲು ಪಟ್ಟು ಹಿಡಿಯದಿದ್ದುದು ತಮ್ಮ ತಪ್ಪೆಂದು ಬಾರ್ತ್ ಮುಪ್ಪಿನಲ್ಲಿ ಬರೆದರು. ಅವರನ್ನು ಇದಕ್ಕಾಗಿಯೂ ನೆನೆಯಬೇಕು. ಒಂದು ವಿಗ್ರಹವನ್ನು ಎದುರಿಸಿ ನಿಂತವನ ಕಣ್ಣಿಗೂ ಪಕ್ಕದ ನೆರಳು ಕಾಣದೆ ಹೋಗಬಹುದು.

ಬಾಸೆಲ್ ಎಂಬ ಹೆಸರು ಕರಾವಳಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಅದೇ ಊರಿನದು. ಆ ಮಿಷನ್ ಇಲ್ಲಿ ಎದುರಿಸಬೇಕಾದದ್ದು ಬೇರೊಂದು ವಿಗ್ರಹವನ್ನು. ಭಾರತದ ಕ್ರೈಸ್ತರ ಪಾಲಿಗೆ ರಾಷ್ಟ್ರಕ್ಕಿಂತ ಹಳೆಯ ವಿಗ್ರಹ ಜಾತಿ. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್, ಸಭೆಗಳೊಳಗೆ ಜಾತಿಭೇದ ಕೂಡಲೇ, ಪೂರ್ತಿಯಾಗಿ ನಿಲ್ಲಬೇಕೆಂದು ಪತ್ರ ಕಳಿಸಿದಾಗ ತಂಜಾವೂರು, ವೇಪೇರಿಗಳ ಎಷ್ಟೋ ಕುಟುಂಬಗಳು ಸಭೆಯನ್ನೇ ಬಿಟ್ಟು ಹೊರನಡೆದವು. ಕ್ರಿಸ್ತನನ್ನು ಬಿಡಬಹುದಿತ್ತು, ಪಂಕ್ತಿಯನ್ನು ಬಿಡುವಂತಿರಲಿಲ್ಲ. ಇಂದಿನ ಪತ್ರಿಕೆಗಳ ವಧೂವರ ಜಾಹೀರಾತಿನಲ್ಲಿ ಕ್ರೈಸ್ತ ಎಂದು ಬರೆದ ಮುಂದೆಯೇ ಮೂಲ ಜಾತಿಯ ಹೆಸರೂ ಸೇರಿಕೊಳ್ಳುವುದನ್ನು ಕಂಡರೆ, ಆ ಪತ್ರಕ್ಕೆ ಇನ್ನೂ ಉತ್ತರ ಬಾಕಿಯಿದೆ ಎನ್ನಬೇಕು.

ಬಾಸೆಲ್ ಮಿಷನ್ ಈ ವಿಷಯದಲ್ಲಿ ಬಿಗಿಯಾಗಿತ್ತು. ದೀಕ್ಷಾಸ್ನಾನ ಪಡೆಯುವವರು ಜಾತಿಯನ್ನು ಬಿಡಲೇಬೇಕಿತ್ತು. ಜಾತಿ ಬಿಟ್ಟವನ ಗತಿಯೇನು? ಕುಲಕಸುಬು ಹೋಯಿತು, ಗೇಣಿಯ ಗದ್ದೆ ಹೋಯಿತು, ನೆಂಟರ ಮನೆಯ ಬಾಗಿಲು ಮುಚ್ಚಿತು. ಮಿಷನ್ ನೇಯ್ಗೆಯ ಮಗ್ಗಗಳನ್ನು ಹಾಕಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಮಂಗಳೂರು ಹಂಚು ಎಂದು ಜಗತ್ತೆಲ್ಲ ಹೆಸರಾದ ಆ ಕೆಂಪು ಹಂಚಿನ ಹಿಂದೆ ಇಂಥದೊಂದು ಅನ್ನದ ಪ್ರಶ್ನೆಯಿತ್ತು ಎಂಬುದನ್ನು ಬಹಳ ಜನ ಮರೆತಿದ್ದಾರೆ.

ಮರೆಯಬಾರದ ಮಾತಿದು. ವಿಗ್ರಹಗಳು ಅನ್ನ ಹಾಕುತ್ತವೆ. ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯದಲ್ಲಿ ಎಫೆಸ ಪಟ್ಟಣದ ಅಕ್ಕಸಾಲಿಗ ದೇಮೇತ್ರಿಯ ತನ್ನ ಕಸುಬಿನವರನ್ನೆಲ್ಲ ಸೇರಿಸಿ ಪೌಲನ ವಿರುದ್ಧ ದಂಗೆ ಎಬ್ಬಿಸುತ್ತಾನೆ. ಅರ್ತೆಮೀದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುವುದು ಅವರ ಉದ್ಯೋಗ. ಅವನ ಭಾಷಣದಲ್ಲಿ ಮೊದಲು ಬರುವುದು ವ್ಯಾಪಾರದ ನಷ್ಟ, ದೇವಿಯ ಮಹಿಮೆ ಆಮೇಲೆ. ಇಂದು ಕಂಪನಿಯ ಗುರಿ ಮುಟ್ಟಲು ರಾತ್ರಿ ಹನ್ನೊಂದರವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುವ ತಂದೆಗೆ, ಕೆಲಸವನ್ನು ದೇವರು ಮಾಡಿಕೊಳ್ಳಬೇಡ ಎಂದು ವೇದಿಕೆಯಿಂದ ಹೇಳುವುದು ಸುಲಭ. ಅವನು ಬಡ್ತಿ ಬಿಟ್ಟುಕೊಟ್ಟರೆ ಮನೆಸಾಲಕ್ಕೆ ಯಾರು ಹೆಗಲು ಕೊಡುತ್ತಾರೆ? ಒಡೆಯಿರಿ ಎನ್ನುವ ಸಭೆ ಮಗ್ಗವನ್ನೂ ಹಾಕಿಕೊಡಬೇಕಾಗುತ್ತದೆ. ಜೆಪ್ಪುವಿನ ಮಿಷನರಿಗಳು ಇದನ್ನು ನೂರೈವತ್ತು ವರ್ಷದ ಹಿಂದೆ ಅರಿತಿದ್ದರು; ಅವರ ಕಾರ್ಖಾನೆಗಳಲ್ಲಿ ಏನೇ ಕೊರತೆಯಿದ್ದಿರಲಿ, ಈ ತಿಳಿವಳಿಕೆ ದೊಡ್ಡದು.

ಮೊಬೈಲಿನ ಬಗ್ಗೆ ಹೇಳದೆ ಇಂದು ಈ ವಿಷಯ ಮುಗಿಯುವುದಿಲ್ಲ. 2017ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್, ಬಲಿಪೂಜೆಯ ನಡುವೆ ಫೋನ್ ಎತ್ತಿ ಹಿಡಿದು ಫೋಟೋ ತೆಗೆಯುವವರನ್ನು ಕಂಡರೆ ದುಃಖವಾಗುತ್ತದೆ ಎಂದರು. ಯಾಜಕರು ಎತ್ತಿರೆಂದು ಕರೆಯುವುದು ಹೃದಯಗಳನ್ನು, ಫೋನುಗಳನ್ನಲ್ಲ ಎಂದು ನೆನಪಿಸಿದರು. ಹಾಗೆ ಎತ್ತುವವರಲ್ಲಿ ಗುರುಗಳೂ ಬಿಷಪ್ಪರೂ ಇದ್ದಾರೆಂದು ಸೇರಿಸಲು ಅವರು ಹಿಂಜರಿಯಲಿಲ್ಲ. 2020ರಲ್ಲಿ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೊದಲ ದಿನ, ಟಿವಿ ಆರಿಸಿ ಬೈಬಲ್ ತೆರೆಯುವ, ಮೊಬೈಲಿನಿಂದ ಬಿಡಿಸಿಕೊಳ್ಳುವ ಕಾಲವಿದು ಎಂದರು. ನಲವತ್ತು ದಿನ ಮಾಂಸ ಬಿಡುವ ಮನೆಗಳಲ್ಲಿ ಈಗ ಕೆಲವರು ಇನ್‌ಸ್ಟಾಗ್ರಾಮ್ ಬಿಡುತ್ತಾರೆ. ಒಳ್ಳೆಯದೇ. ಆದರೆ ಈಸ್ಟರ್ ಮಾರನೆಯ ದಿನ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಕೈ ಹಾಗೇಕೆ ಹೋಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಉಪದೇಶಕ ಥಾಮಸ್ ಚಾಮರ್ಸ್ (1780–1847) ಕೊಟ್ಟ ಉತ್ತರ ಈಗಲೂ ಉಪಯೋಗಕ್ಕೆ ಬರುತ್ತದೆ. ಲೋಕದ ಆಸೆ ಎಷ್ಟು ಹುರುಳಿಲ್ಲದ್ದು ಎಂದು ಎಷ್ಟೇ ಬಿಡಿಸಿ ತೋರಿಸಿದರೂ ಹೃದಯ ಅದನ್ನು ಬಿಡುವುದಿಲ್ಲ, ಏಕೆಂದರೆ ಹೃದಯಕ್ಕೆ ಬರಿದಾಗಿ ಇರಲು ಬಾರದು. ಹಳೆಯ ಪ್ರೀತಿಯನ್ನು ಹೊರಗೆ ನೂಕಬಲ್ಲದ್ದು ಅದಕ್ಕಿಂತ ಬಲವಾದ ಹೊಸ ಪ್ರೀತಿಯೊಂದೇ. ಮಗುವಿನ ಕೈಯಲ್ಲಿರುವ ಕತ್ತರಿಯನ್ನು ಕಸಿಯಲು ಹೋದರೆ ಮುಷ್ಟಿ ಬಿಗಿಯಾಗುತ್ತದೆ, ಮಾವಿನಹಣ್ಣು ತೋರಿಸಿದರೆ ತಾನೇ ಸಡಿಲವಾಗುತ್ತದೆ. ಇದು ನಮ್ಮ ಅಡುಗೆಮನೆಗಳಿಗೆ ಗೊತ್ತಿರುವ ಸಂಗತಿ.

ಅದೇ ಸ್ಕಾಟ್ಲೆಂಡಿನ ಮಿಷನರಿ ದಂಪತಿಗೆ 1902ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಒಬ್ಬ ಮಗ ಹುಟ್ಟಿದ. ಎರಿಕ್ ಲಿಡೆಲ್. ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾ ನೋಡಿದವರಿಗೆ ಅರ್ಧ ಕತೆ ಗೊತ್ತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ನೆಚ್ಚಿನ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿತ್ತು. ಕರ್ತನ ದಿನ ಓಡುವುದಿಲ್ಲ ಎಂದರು. ಸಿನಿಮಾದಲ್ಲಿ ಹಡಗು ಹತ್ತುವಾಗ ಸುದ್ದಿ ತಿಳಿಯುವಂತೆ ತೋರಿಸಿದ್ದಾರೆ. ನಿಜದಲ್ಲಿ ಅವರಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಪತ್ರಿಕೆಗಳ ಟೀಕೆ, ದೇಶಭಕ್ತಿಯ ಒತ್ತಡ ಎಲ್ಲವನ್ನೂ ಅಷ್ಟು ತಿಂಗಳು ಹೊರಬೇಕಾಯಿತು. ಆ ಭಾನುವಾರ, ಜುಲೈ 6ರಂದು, ಪ್ಯಾರಿಸಿನ ಸ್ಕಾಟ್ಸ್ ಚರ್ಚಿನಲ್ಲಿದ್ದರು. ಜುಲೈ 11ರಂದು 400 ಮೀಟರ್ ಓಟದಲ್ಲಿ, ಅತ್ಯಂತ ಹೊರಗಿನ ಸಾಲಿನಿಂದ ಓಡಿ, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಮರುವರ್ಷ, ಹೆಸರು ಉತ್ತುಂಗದಲ್ಲಿದ್ದಾಗ, ಎಲ್ಲ ಬಿಟ್ಟು ಚೀನಾಕ್ಕೆ ಅಧ್ಯಾಪಕರಾಗಿ ಹೋದರು.

ಉಳಿದರ್ಧ ಕತೆ ಹೆಚ್ಚು ಮುಖ್ಯ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಜಪಾನಿ ಸೇನೆ ಅವರನ್ನು ಶಾಂಡಾಂಗ್ ಪ್ರಾಂತದ ವೈಷಿಯನ್ ಬಂಧನ ಶಿಬಿರಕ್ಕೆ ಕಳಿಸಿತು. ಹೆಂಡತಿ ಫ್ಲಾರೆನ್ಸ್ ಮತ್ತು ಮಕ್ಕಳು ಅಷ್ಟರಲ್ಲಿ ಕೆನಡಾ ಸೇರಿದ್ದರು. ಮೂರನೆಯ ಮಗಳನ್ನು ಅವರು ಕಣ್ಣಾರೆ ನೋಡಲೇ ಇಲ್ಲ. ಶಿಬಿರದಲ್ಲಿ ಸುಮಾರು 1,500 ಜನ, ಅವರಲ್ಲಿ ತಂದೆತಾಯಿಯಿಂದ ಅಗಲಿದ ಶಾಲಾಮಕ್ಕಳೂ ಬಹಳ. ಅವರಿಗೆಲ್ಲ ಲಿಡೆಲ್ ‘ಅಂಕಲ್ ಎರಿಕ್’. ಪಾಠ ಹೇಳುವರು, ಆಟ ಆಡಿಸುವರು, ಮುರಿದ ಹಾಕಿ ಕೋಲುಗಳಿಗೆ ಹಾಸಿಗೆಯ ಚಾದರ ಹರಿದು ಬಿಗಿಯಾಗಿ ಸುತ್ತಿ ಕಟ್ಟುವರು. ಭಾನುವಾರ ಮಾತ್ರ ಆಟವಿಲ್ಲ.

ಹುಡುಗರು ಕೇಳಲಿಲ್ಲ. ಒಂದು ಭಾನುವಾರ ತಾವೇ ಹಾಕಿ ಆಡಿದರು. ತೀರ್ಪುಗಾರರಿಲ್ಲದ ಆಟ ಹೊಡೆದಾಟದಲ್ಲಿ ಮುಗಿಯಿತು.

ಲಿಡೆಲ್ ಮುಂದೆ ಎರಡು ದಾರಿಯಿದ್ದವು. ಇಡೀ ಜಗತ್ತು ಅವರನ್ನು ಬಲ್ಲದ್ದೇ ಭಾನುವಾರ ಓಡದ ಮನುಷ್ಯ ಎಂದು. ಆ ನೇಮಕ್ಕಾಗಿ ಚಿನ್ನವನ್ನು ಪಣಕ್ಕಿಟ್ಟಿದ್ದರು. ನಾನು ಹೇಳಿದ್ದೆನಲ್ಲ ಎಂದು ಸುಮ್ಮನೆ ಕೂರಬಹುದಿತ್ತು, ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಮುಂದಿನ ಭಾನುವಾರ ಅವರು ಮೈದಾನಕ್ಕಿಳಿದು ತೀರ್ಪುಗಾರರಾಗಿ ನಿಂತರು. ತಂದೆತಾಯಿ ಹತ್ತಿರವಿಲ್ಲದ, ಹಸಿದ, ಬೇಸತ್ತ ಮಕ್ಕಳು ಒಬ್ಬರನ್ನೊಬ್ಬರು ಹೊಡೆದುಕೊಳ್ಳದಿರಲು ದೊಡ್ಡವರೊಬ್ಬರು ಅಲ್ಲಿ ಬೇಕಿತ್ತು. ಹಿಜ್ಕೀಯನ ಕೈಯಲ್ಲಿದ್ದ ಸುತ್ತಿಗೆ ಆ ದಿನ ಲಿಡೆಲ್ ಕೈಯಲ್ಲಿತ್ತು ಎನ್ನಬಹುದು. ದೇವರಿಗಾಗಿಯೇ ಹಿಡಿದಿದ್ದ ನೇಮವನ್ನು ದೇವರ ಮಕ್ಕಳಿಗಾಗಿ ಅವರು ಕೆಳಗಿಟ್ಟರು. ಸ್ವಂತಕ್ಕಾಗಿ ಅವರು ಯಾವತ್ತೂ ಭಾನುವಾರ ಓಡಲಿಲ್ಲ.

ಆ ಶಿಬಿರದಲ್ಲಿ ಸ್ಟೀವ್ ಮೆಟ್‌ಕಾಫ್ ಎಂಬ ಹುಡುಗನಿದ್ದ. 1945ರ ಚಳಿಗಾಲದಲ್ಲಿ ಅವನ ಕಾಲಿಗೆ ಹಾಕಲು ಏನೂ ಉಳಿದಿರಲಿಲ್ಲ. ಒಂದು ದಿನ ಲಿಡೆಲ್ ತಮ್ಮ ಹಳೆಯ ಓಟದ ಷೂಗಳನ್ನು ತಂದು ಅವನಿಗೆ ಕೊಟ್ಟರು. ಸವೆದಿದ್ದವು, ತೇಪೆ ಹಾಕಿ ಹೊಲಿದಿದ್ದವು. ಶತ್ರುಗಳಿಗಾಗಿ ಪ್ರಾರ್ಥಿಸಬೇಕು ಎಂದು ಅವರು ಆ ಮಕ್ಕಳಿಗೆ ಕಲಿಸಿದ್ದರು. ಕಾವಲಿಗಿದ್ದ ಜಪಾನಿ ಸೈನಿಕರಿಗಾಗಿ ಹುಡುಗ ಪ್ರಾರ್ಥಿಸತೊಡಗಿದ್ದ. ಷೂ ಕೊಟ್ಟ ಕೆಲವೇ ವಾರಗಳಲ್ಲಿ, ಫೆಬ್ರವರಿ 21ರಂದು, ಮಿದುಳಿನ ಗಡ್ಡೆಯಿಂದ ಲಿಡೆಲ್ ತೀರಿಕೊಂಡರು. 43 ವರ್ಷ. ಶವಪೆಟ್ಟಿಗೆ ಹೊತ್ತವರಲ್ಲಿ ಮೆಟ್‌ಕಾಫ್ ಒಬ್ಬ. ಯುದ್ಧ ಮುಗಿದ ಮೇಲೆ ಅವನು ಮಿಷನರಿಯಾಗಿ ಜಪಾನಿಗೆ ಹೋದ.